ಎರಡು ಕೂಡಿಸಿ ಒಂದು ಡೈನಮೋ

ದಸರೆ ರಜೆಗೆ ಶಾಲೆ ಮುಚ್ಚುವ ದಿನವೇ ಅಮರೇಶನ ಕಾರು ಗಬ್ಬೂರಿನಲ್ಲಿ ಕೈಕೊಟ್ಟಿತು. ದೇವದುರ್ಗದ ಕಡೆಯ ಶಾಲೆಗಳಿಂದ ರಾಯಚೂರಿಗೆ ಮರಳುತ್ತಿದ್ದ ಟೀಚರುಗಳು ಚಹಾ ಕುಡಿಯಲು ಇಳಿದಿದ್ದರು. ಕುಡಿದು ಬಂದು ಕೂತರೆ ಗಾಡಿ ‘ಟಕ್’ ಎಂದಿತು, ಅಷ್ಟೇ. ಕಡೆಗೆ ಹೆಡ್‌ಮೇಡಂ ಶಹಜಾದಿ ಬೇಗಂ ಸಹಿತ ಎಲ್ಲರೂ ಸೆರಗು ಸಿಕ್ಕಿಸಿಕೊಂಡು ತಳ್ಳಿದರು. ತಳ್ಳಿದವರಲ್ಲಿ ಅಮರೇಶನ ಹೆಂಡತಿ ಮೌನೇಶ್ವರಿಯೂ ಒಬ್ಬಳು. ಆ ದಾರಿಯ ಒಂದು ಹಳ್ಳಿಯಲ್ಲಿ ಅವಳು ಅತಿಥಿ ಶಿಕ್ಷಕಿ. ದಿನಾ ಗಂಡನ ಕಾರಿನಲ್ಲೇ ಉಳಿದ ಟೀಚರುಗಳ ಜೊತೆ ಹೋಗಿ ಬರುವವಳು.

ಮನೆಗೆ ಬಂದವಳೇ ಬ್ಯಾಗನ್ನು ಮೂಲೆಗೆ ಇಟ್ಟು, ಕಿತ್ತುಹೋದ ಚಪ್ಪಲಿಯನ್ನು ಅತ್ತೆಗೆ ತೋರಿಸಿದಳು.

“ನೋಡ್ರಿ ಅತ್ತಿ. ಪಾಠ ಹೇಳಾಕ ಹೋದಾಕಿ ಗಾಡಿ ತಳ್ಳಿ ಬಂದೀನಿ.”

ಉಮಾದೇವಿ ಒಲೆ ಸಣ್ಣದು ಮಾಡಿ, ಸೊಸೆಯ ಕೈಗೆ ನೀರಿನ ಚೊಂಬು ಕೊಟ್ಟಳು. “ಮೊದಲ ಕಾಲು ತೊಳಕೋ ಯವ್ವಾ. ಮಂಡಾಳ ಒಗ್ಗರಣಿ ಮಾಡೀನಿ, ಬಿಸಿ ಅದ.”

ಪಡಸಾಲೆಯ ಮಂಚದ ಮೇಲಿಂದ ಗದ್ದೆಪ್ಪ ಕೂಗಿದ. “ಗಾಡಿ ತಳ್ಳಿದ ಮ್ಯಾಲ ಚಾಲೂ ಆತಿಲ್ಲೋ? ಆತಂದ್ರ ಡೈನಮೋ ಹೋಗ್ಯಾದ. ಬ್ಯಾಟರಿಗೆ ಕರೆಂಟು ಕೊಡವಲ್ದು.”

ಗದ್ದೆಪ್ಪ ಉಮಾದೇವಿಯ ಗಂಡ. ಸರಕಾರಿ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದವನು. ಕೊನೆಕೊನೆಗೆ ಕಣ್ಣು ಮಂಜಾದ ಮೇಲೆ ಅವನನ್ನು ಬಸ್ಸಿನ ಕೆಲಸದಿಂದ ತೆಗೆದು ಟಯರ್ ಲೆಕ್ಕ ಇಡುವ ಕೋಣೆಯಲ್ಲಿ ಕೂರಿಸಿದ್ದರು. ಕಾರಿನ ಇಂಜಿನ್ನು ತಿರುಗುವಾಗ ಬ್ಯಾಟರಿಯನ್ನು ತುಂಬಿಸುವ ಆಲ್ಟರ್‌ನೇಟರಿಗೆ ಅವನೂ ಊರಿನ ಗ್ಯಾರೇಜುಗಳವರ ಹಾಗೆ ಡೈನಮೋ ಎಂದೇ ಹೇಳುತ್ತಿದ್ದ.

ಅಮರೇಶ ಕೈಯ ಎಣ್ಣೆ ಒರೆಸುತ್ತ ಒಳಗೆ ಬಂದ. “ಹೌದು ಯಪ್ಪಾ, ಡೈನಮೋನ. ವೈರಿಂಗ್ ಕೆಲಸದ ಉಮೇಶನ ಅಂಗಡ್ಯಾಗ ತೋರಿಸಿ ಬಂದೆ. ಒಳಗ ಕಾಯಿಲ್ ಸುಟ್ಟಾದಂತ. ನಮ್ಮದು ಹಳೇ ಮಾಡಲ್, ಪೂರಾ ಡೈನಮೋ ಹೈದರಾಬಾದ್‌ದಿಂದ ತರಸಬೇಕು. ದಸರಿಗೆ ಎಲ್ಲಾ ಬಂದ್. ಸಾಲಿ ಚಾಲೂ ಆದ ಮ್ಯಾಲ ಬರ್ತದ ಅಂತಾನ.”

“ಸಾಲಿ ಚಾಲೂ ಆಗೋ ದಿನ ಗಾಡಿ ಇರಲಿಲ್ಲಂದ್ರ?” ಮೌನೇಶ್ವರಿ ಬಚ್ಚಲಿನಿಂದಲೇ ಕೇಳಿದಳು. “ಸಾಬಣ್ಣ ಹೊಸಾ ಗಾಡಿ ತಂದಾನ. ಇವತ್ತ ಗಬ್ಬೂರದಾಗ ನಮ್ಮನ್ನ ದಾಟಿ ಹೋಗುವಾಗ ಕಿಡಕಿ ಇಳಿಸಿ ನಕ್ಕ. ಟೀಚರ್ಸು ಒಂದು ಸಲ ಅವನ ಗಾಡಿ ಹತ್ತಿದ್ರ ವರ್ಷ ಪೂರ್ತಿ ಇಳಿಯಂಗಿಲ್ಲ.”

ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಟೀಚರುಗಳನ್ನು ಒಯ್ದು ತರುವ ಆ ಓಡಾಟವೇ ಅಮರೇಶನ ಕಸುಬು, ಸಾಬಣ್ಣನೂ ಅದೇ ದಾರಿಯಲ್ಲಿ ಬಾಡಿಗೆಗೆ ಗಾಡಿ ಓಡಿಸುವವನು.

ಗದ್ದೆಪ್ಪ ಮಂಚದಿಂದ ಕಾಲು ಇಳಿಸಿದ. “ನನಗ ಕೊಡು. ಗುಜರಿಯಾಗಿಂದ ಒಂದು ಹಳೇದು ತಂದು, ಎರಡೂ ಬಿಚ್ಚಿ, ಚೊಲೋ ಇದ್ದದ್ದು ಕೂಡಿಸಿ ಒಂದು ಮಾಡ್ತೀನಿ. ಸಾಲಿ ಚಾಲೂ ಆಗೋ ದಿನ ಗಾಡಿ ರೋಡಿನ ಮ್ಯಾಲ ಇರ್ತದ.”

ಉಮಾದೇವಿ ಮಗನ ಮುಖ ನೋಡಿದಳು. ಒಂದು ವರ್ಷದ ಹಿಂದಾಗಿದ್ದರೆ ಅವನು, “ನಿನ್ನ ಡಿಪೋ ಬುದ್ಧಿ ನನ್ನ ಗಾಡಿಗೆ ತೋರಿಸಬ್ಯಾಡ” ಎನ್ನುತ್ತಿದ್ದ, ಅಪ್ಪ “ಲೇ, ನಿನ್ನ ಗಾಡಿಗೆ ಬುದ್ಧಿ ಇದ್ರ ತಾನ?” ಎನ್ನುತ್ತಿದ್ದ, ಇಬ್ಬರ ಗದ್ದಲಕ್ಕೆ ಪಕ್ಕದ ಮನೆಯವರು ಟಿ.ವಿ. ಸಣ್ಣದು ಮಾಡುತ್ತಿದ್ದರು. ಆದರೆ ಗದ್ದೆಪ್ಪನ ಕಣ್ಣಿನ ಆಪರೇಷನ್ ಆಗಿ, ಒಂದು ಕಣ್ಣು ಸರಿಹೋಗದೆ, ಬಲಗೈಗೆ ನಡುಕ ಹತ್ತಿದ ಮೇಲೆ ಅಮರೇಶ ಜಗಳ ಬಿಟ್ಟುಬಿಟ್ಟಿದ್ದ. ಈಗಲೂ ಮೆಲ್ಲಗೆ, “ಆತು ಯಪ್ಪಾ. ನೀನಾ ಮಾಡು” ಎಂದ.

ಆಮೇಲೆ ಅಡುಗೆಮನೆಯಲ್ಲಿ ಅವನು ಹೆಂಡತಿಗೆ ಹೇಳಿದ್ದು ಉಮಾದೇವಿಯ ಕಿವಿಗೂ ಬಿತ್ತು. “ಆಗ್ತದಂತ ನಾನೂ ಅನ್ಕೊಂಡಿಲ್ಲ. ಮನ್ಯಾಗ ಕೂತು ಕೂತು ಸೊರಗ್ಯಾನ. ನಾಕು ದಿನ ಆಡ್ಲಿ ಬಿಡು.”

ಆಡ್ಲಿ ಎಂಬ ಮಾತು ಉಮಾದೇವಿಗೆ ಚುಚ್ಚಿತು. ಮಗ ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ, ಅದಕ್ಕೇ ಇನ್ನಷ್ಟು.

*

ಗುಜರಿ ಅಂಗಡಿ ಮಾನ್ವಿಯಲ್ಲಿತ್ತು. ಅಪಘಾತವಾದ ಗಾಡಿಗಳನ್ನು ಬಿಚ್ಚಿ ಮಾರುವವರು. ಬಸ್ಸಿನ ಬೋರ್ಡು ಗದ್ದೆಪ್ಪನ ಕಣ್ಣಿಗೆ ಕಾಣುತ್ತಿರಲಿಲ್ಲ, ಬೇರೆಯವರಿಂದ ಓದಿಸಿಕೊಳ್ಳಲು ನಾಚಿಕೆ. ಹೀಗಾಗಿ ಉಮಾದೇವಿ, “ನನಗೂ ಮಾನ್ವಿಯಾಗ ಒಂದು ಸೀರಿ ನೋಡೋದದ” ಎಂದು ಹೇಳಿ ಜೊತೆಗೆ ಹೊರಟಳು. ಸೀರೆ ನೋಡುವುದೇನೂ ಇರಲಿಲ್ಲ ಎಂಬುದು ಅವನಿಗೂ ಗೊತ್ತು.

ಅಂಗಡಿಯ ಗಲ್ಲಾದಲ್ಲಿ ಸೈಮಾ ಎಂಬ ಹೆಣ್ಣುಮಗಳು ಕೂತಿದ್ದಳು. ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಉಮಾದೇವಿ ಕೂರುವ ಮೊದಲೇ ಓಡಿಬಂದು ತೊಳೆದ ಗೋಣಿತಟ್ಟು ಹಾಸಿದಳು. “ಸೀರಿ ಕರ್ರಗ ಆಗ್ತದ್ರೀ ಅಮ್ಮಾ. ಇಲ್ಲಿ ಕೂತವರೆಲ್ಲಾ ಮನಿಗೆ ಹೋಗಿ ನಮಗ ಬೈತಾರ.”

ಒಳಗೆ ಗದ್ದೆಪ್ಪ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ರಾಶಿಯಿಂದ ಒಂದೊಂದೇ ಡೈನಮೋ ತೆಗೆದು ಅದರ ಪುಲ್ಲಿಚಕ್ರ ತಿರುಗಿಸಿ ಕಿವಿಗೆ ಹಿಡಿಯುತ್ತಿದ್ದ. ಕಣ್ಣಿಗೆ ಕಾಣದ್ದನ್ನು ಕೈಯಲ್ಲಿ ತಡವಿ ನೋಡುತ್ತಿದ್ದ. ಹೊತ್ತು ಬಹಳ ಹಿಡಿಯಿತು. ಸೈಮಾ ಎರಡು ಸಲ ಚಹಾ ತರಿಸಿದಳು, ಒಮ್ಮೆಯೂ ಬೇಗ ಮುಗಿಸಿ ಎನ್ನಲಿಲ್ಲ.

ಬರುವಾಗ ಬಸ್ಸಿನಲ್ಲಿ ಡೈನಮೋ ಇದ್ದ ಚೀಲ ಉಮಾದೇವಿಯ ತೊಡೆಯ ಮೇಲಿತ್ತು.

“ಭಾರ ಅದ, ಕೆಳಗಿಡು,” ಎಂದ ಗದ್ದೆಪ್ಪ.

“ಕೆಳಗಿಟ್ರ ಕುಲುಕಾಡಂಗಿಲ್ಲೇನು?”

“ಅದೇನು ತತ್ತಿನಾ? ಕಬ್ಬಿಣ.”

“ಇರ್ಲಿ ಬಿಡ್ರಿ.”

ಅವನು ಕಿಟಕಿಯ ಕಡೆ ತಿರುಗಿದ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಹೇಳಿದ. “ಬೇರಿಂಗು, ಕಾರ್ಬನ್ನು ಹೋಗ್ಯಾವ ಇದರಾಗ. ಕಾಯಿಲ್ ಗಟ್ಟಿ ಅದ. ನಮ್ಮದರ ಮುಚ್ಚಳ ಗಟ್ಟಿ ಅದ. ಆಗ್ತದ.”

*

ಅಂದಿನಿಂದ ಪಡಸಾಲೆ ಪಡಸಾಲೆಯಾಗಿ ಉಳಿಯಲಿಲ್ಲ. ಗದ್ದೆಪ್ಪ ಹಳೆಯ ಲುಂಗಿ ಹಾಸಿ ಅದರ ಮೇಲೆ ಎರಡೂ ಡೈನಮೋಗಳ ಹೊಟ್ಟೆ ಬಿಚ್ಚಿಟ್ಟ. ಬೋಲ್ಟು, ವಾಷರು, ತಾಮ್ರದ ತಂತಿಯ ಸುರುಳಿ, ಸೀಮೆಎಣ್ಣೆಯಲ್ಲಿ ನೆನೆಹಾಕಿದ ಸಣ್ಣ ಸಾಮಾನು. ಸೀಮೆಎಣ್ಣೆಗೆ ಅವನು ಹುಡುಕಿಕೊಂಡಿದ್ದು ಉಪ್ಪಿನಕಾಯಿ ಹಾಕುವ ಪಿಂಗಾಣಿ ಬಟ್ಟಲು.

“ಇದು ಮನಿನೋ ಡಿಪೋನೋ?” ಎಂದು ಮೌನೇಶ್ವರಿ ಮೊದಲ ದಿನ ಮೆಲ್ಲಗೆ ಕೇಳಿದಳು, ಮರುದಿನ ಜೋರಾಗಿ. “ರಜಾದಾಗಾರ ಒಂದೀಟು ಕಾಲು ಚಾಚಿ ಮಲಗಬೇಕಂದ್ರ ಬೆನ್ನಾಗ ನಟ್ಟು ಚುಚ್ತಾವ.”

“ಯಾವ ನಟ್ಟು? ಸಣ್ಣದಾ? ಎಲ್ಲಿ ಇಟ್ಟಿ? ಅದನ್ನ ಮುಂಜಾನಿಂದ ಹುಡುಕಾಕತ್ತೀನಿ!” ಎಂದು ಗದ್ದೆಪ್ಪ ಅವಸರದಿಂದ ಕೇಳಿದ. ಅವಳಿಗೆ ಸಿಟ್ಟಿನಲ್ಲೂ ನಗು ಬಂತು.

ದೊಡ್ಡ ಜಗಳವಾದದ್ದು ರೊಟ್ಟಿ ಹಂಚಿನ ಮೇಲೆ. ಹೊಸ ಬೇರಿಂಗು ಡೈನಮೋದ ಮುಚ್ಚಳದೊಳಗೆ ಕೂರಬೇಕಾದರೆ ಮುಚ್ಚಳ ಕಾದು ಒಂದಿಷ್ಟು ಹಿಗ್ಗಬೇಕು. ಡಿಪೋದಲ್ಲಿ ಅದಕ್ಕೊಂದು ಒಲೆಯಿತ್ತು. ಇಲ್ಲಿ, ಉಮಾದೇವಿ ಸಂತೆಗೆ ಹೋದಾಗ, ಗದ್ದೆಪ್ಪ ಮುಚ್ಚಳವನ್ನು ಅವಳ ಹಂಚಿನ ಮೇಲಿಟ್ಟು ಕಾಯಿಸಿದ. ಬೇರಿಂಗು ಬೆಣ್ಣೆಯ ಹಾಗೆ ಇಳಿದು ಕೂತಿತು. ರಾತ್ರಿಯೂಟಕ್ಕೆ ಜೋಳದ ರೊಟ್ಟಿಯಿಂದ ಎಣ್ಣೆ ಸುಟ್ಟ ವಾಸನೆ ಎದ್ದಿತು.

ಅಮರೇಶ ಒಂದು ತುತ್ತು ಮುರಿದು ಮೂಸಿದ. ಏನೂ ಅನ್ನದೆ ಪುಂಡಿಪಲ್ಯದಲ್ಲಿ ಅದ್ದಿ ನುಂಗಿದ.

ಮೌನೇಶ್ವರಿ ತಟ್ಟೆ ಸರಿಸಿದಳು. “ಅತ್ತಿ, ಇದೇನು ರೊಟ್ಟಿಯೋ ಗ್ರೀಸೋ?”

ಉಮಾದೇವಿ ಗಂಡನ ಕಡೆ ತಿರುಗಿದಳು. “ಹಂಚಿನ ಮ್ಯಾಲ ಏನಿಟ್ಟಿದ್ರಿ?”

“ಐದ ನಿಮಿಷ ಇಟ್ಟಿದ್ದೆ.”

“ನಮ್ಮವ್ವ ಕೊಟ್ಟ ಹಂಚದು! ಇಷ್ಟು ವರ್ಷ ಅದರ ಮ್ಯಾಲ ದ್ವಾಸಿ ಸೈತ ಹಾಕಿಲ್ಲ ನಾನು!”

“ತಿಕ್ಕಿ ಇಟ್ಟಿದ್ದೆನಲ್ಲ!”

“ಸಬಕಾರ ಹಚ್ಚಿ ತಿಕ್ಕೀರಿ! ಹಂಚಿಗೆ ಸಬಕಾರ ಹಚ್ಚೋರನ್ನ ಎಲ್ಲಿ ಕಂಡೀರಿ?”

ಅಮರೇಶ ಮೆಲ್ಲಗೆ ಎದ್ದು ಕೈ ತೊಳೆದ. “ಇರ್ಲಿ ಬಿಡು ಯವ್ವಾ, ಯಪ್ಪಗ ಏನೂ ಅನಬ್ಯಾಡ. ನಾಳಿ ಬ್ಯಾರೇ ಹಂಚು ತರ್ತೀನಿ.”

ಗದ್ದೆಪ್ಪನ ಮುಖ ಸಣ್ಣದಾಯಿತು. ಹೆಂಡತಿ ಬೈಯುವಾಗ ಇದ್ದ ಹುರುಪು ಮಗ ವಹಿಸಿಕೊಂಡ ಕೂಡಲೇ ಇಳಿದುಹೋಯಿತು. ಮರುದಿನ ಉಮಾದೇವಿ ಹಂಚನ್ನು ಬೂದಿಯಲ್ಲಿ ತಿಕ್ಕಿ, ಉಪ್ಪು ಹುರಿದು, ಮೊದಲ ಮೂರ್ನಾಲ್ಕು ರೊಟ್ಟಿಯನ್ನು ಬೀದಿಯ ನಾಯಿಗೆ ಹಾಕಿದಳು. ರಟ್ಟೆ ನೋಯುತ್ತಿತ್ತು. ಅರವತ್ತು ದಾಟಿದ ರಟ್ಟೆ.

ಮೌನೇಶ್ವರಿ, “ನಮ್ಮವ್ವನ್ನ ನೋಡಿ ಬರ್ತೀನಿ” ಎಂದು ಪೋತ್ನಾಳಕ್ಕೆ ತವರಿಗೆ ಹೊರಟುಬಿಟ್ಟಳು. ಸಿಟ್ಟಿಗೆ ಹೋದಳೋ ವಿಶ್ರಾಂತಿಗೆ ಹೋದಳೋ ಯಾರೂ ಕೇಳಲಿಲ್ಲ.

ಹಬ್ಬದ ದಿನ ಓಣಿಯ ಗಾಡಿಗಳಿಗೆಲ್ಲ ಚೆಂಡುಹೂವಿನ ಮಾಲೆ ಬಿದ್ದವು. ಸಾಬಣ್ಣನ ಹೊಸ ಗಾಡಿಗೆ ಬಾಳೆಕಂಬವನ್ನೇ ಕಟ್ಟಿದ್ದರು. ಅಮರೇಶನ ಕಾರು ಬಾನೆಟ್ ತೆರೆದುಕೊಂಡು ಗೋಡೆಯ ಬದಿಗೆ ನಿಂತಿತ್ತು. ವಿಜಯದಶಮಿಯಂದು, ಧಮ್ಮದೀಕ್ಷೆಯ ದಿನವೆಂದು, ಉಮಾದೇವಿ ಬಿಳಿ ಸೀರೆಯುಟ್ಟು ಬೌದ್ಧ ವಿಹಾರಕ್ಕೆ ಹೋಗಿ ಬಂದಾಗ, ಗದ್ದೆಪ್ಪ ಇನ್ನೂ ಲುಂಗಿಯ ಮುಂದೆ ಬಾಗಿ ಕೂತಿದ್ದ. ಎದುರುಮನೆಯ ಹಂಪಮ್ಮ ಬನ್ನಿ ಕೊಡಲು ಬಂದಳು. ಅವನ ಎರಡೂ ಕೈ ಗ್ರೀಸು. ಅವಳು ನಕ್ಕು, ಬನ್ನಿಯೆಲೆಯನ್ನು ಅವನ ಅಂಗಿಯ ಜೇಬಿಗೆ ತಾನೇ ಹಾಕಿ ಹೋದಳು.

ಎಲ್ಲಕ್ಕಿಂತ ಕಷ್ಟವಾದದ್ದು ಬೆಸುಗೆ. ಡೈನಮೋದ ಹಿಂಬದಿಗೆ ಕೂರುವ ಡಯೋಡ್ ಪ್ಲೇಟಿಗೆ ಕಾಯಿಲಿನ ತುದಿಗಳನ್ನು ಸೇರಿಸಿ ಬೆಸೆಯಬೇಕು. ಗದ್ದೆಪ್ಪನ ಕೈ ನಡುಗಿ ಬೆಸುಗೆ ಪಕ್ಕಕ್ಕೆ ಬೀಳುತ್ತಿತ್ತು. ಬಿದ್ದದ್ದನ್ನು ಕೆರೆದು ಮತ್ತೆ ಹಚ್ಚುವನು, ಮತ್ತೆ ಬೀಳುವುದು. ಉಮಾದೇವಿ ಹಿಡಿಯಲು ಹೋದರೆ, “ನಿನಗ ತಿಳಿಯಂಗಿಲ್ಲ, ಸರಿ” ಎಂದು ಗದರುತ್ತಿದ್ದ. ಮೌನೇಶ್ವರಿ ಪೋತ್ನಾಳದಿಂದ ಒಂದು ಚೀಲ ಹೊಸ ಅಕ್ಕಿ ಹಿಡಿದು ಮರಳಿದ ಸಂಜೆಯೂ ಅದೇ ನಡೆದಿತ್ತು. ಅವಳು ಚೀಲ ಇಳಿಸಿ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಬಟ್ಟೆಯನ್ನೂ ಬದಲಿಸದೆ ಮಾವನ ಎದುರು ಕೂತು, ಮೊಬೈಲಿನ ಬೆಳಕು ಹಿಡಿದು, ಇನ್ನೊಂದು ಕೈಯಿಂದ ಅವನ ಮುಂಗೈಯನ್ನು ಕೆಳಗಿನಿಂದ ಆನಿಸಿ ಹಿಡಿದಳು.

“ಹಚ್ರಿ ಮಾವಾರ.”

ಅವನು ಬೆಸೆದ. ಕೆಲಸ ಮುಗಿದ ಮೇಲೆ ಅವಳು, “ನನ್ನ ಸೀರಿಗೆ ಹೊಗಿ ಹತ್ತೇದ” ಎಂದು ಗೊಣಗಿ ಎದ್ದುಹೋದಳು.

ಡೈನಮೋಗೆ ಕಟೌಟ್ ಒಂದು ಹೊಸದು ಬೇಕಿತ್ತು. ಬ್ಯಾಟರಿಗೆ ಹೋಗುವ ಕರೆಂಟು ಹೆಚ್ಚು ಕಮ್ಮಿ ಆಗದಂತೆ ತಡೆಯುವ ಸಣ್ಣ ಡಬ್ಬಿ ಅದು. ಅಮರೇಶ ಉಮೇಶನ ಅಂಗಡಿಯಿಂದ ತಂದು ಅಪ್ಪನ ಕೈಗಿಟ್ಟ. ಇಟ್ಟವನು ಹೋಗಲಿಲ್ಲ.

“ಯಪ್ಪಾ…”

“ಏನು?”

ಅಮರೇಶ ಏನೋ ಹೇಳಲು ಬಾಯಿ ತೆರೆದದ್ದನ್ನು ಉಮಾದೇವಿ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪನ ದಪ್ಪ ಕನ್ನಡಕ, ನಡುಗುವ ಬೆರಳು, ಹಿಗ್ಗಿದ ಮುಖ ನೋಡಿ ಅವನು ಬಾಯಿ ಮುಚ್ಚಿಕೊಂಡ. “ಏನಿಲ್ಲ ಬಿಡು. ಊಟ ಮಾಡಿ ಕೂಡು.”

*

ಭಾನುವಾರ ಬೆಳಿಗ್ಗೆ ಡೈನಮೋ ಕಾರಿನೊಳಗೆ ಕೂತಿತು. ಮರುದಿನ ಶಾಲೆ. ಅಮರೇಶ ಬೆಲ್ಟ್ ಏರಿಸಿ, ಬೋಲ್ಟು ಬಿಗಿದು, ಅಂಗಡಿಯಲ್ಲಿ ತುಂಬಿಸಿ ತಂದಿದ್ದ ಬ್ಯಾಟರಿ ಜೋಡಿಸಿ, ಚಾವಿ ತಿರುಗಿಸಿದ. ಇಂಜಿನ್ನು ಹಿಡಿಯಿತು. ಡ್ಯಾಶ್‌ಬೋರ್ಡಿನ ಮೇಲಿನ ಬ್ಯಾಟರಿಯ ಕೆಂಪು ದೀಪ ಆರಿತು. ಗದ್ದೆಪ್ಪ ಮೀಟರಿನ ವಾಯರನ್ನು ಬ್ಯಾಟರಿಗೆ ಹಿಡಿದು, “ಓದು” ಎಂದ.

“ಹದಿನಾಲ್ಕು ವೋಲ್ಟು,” ಎಂದ ಅಮರೇಶ. ಚಾರ್ಜ್ ಹತ್ತಿದೆ ಎನ್ನಲು ಅಷ್ಟೇ ಬೇಕಿತ್ತು. ಮತ್ತೆ ಬಾಗಿ ನೋಡಿದ. “ಖರೇನ ಯಪ್ಪಾ, ಹದಿನಾಲ್ಕು!”

ಇಷ್ಟು ದಿನಗಳಲ್ಲಿ ಮಗನ ದನಿ ಏರಿದ್ದು ಅದೇ ಮೊದಲು. ಮೌನೇಶ್ವರಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿ, “ಆತೇನ್ರಿ ಮಾವಾರ?” ಎಂದು ಕೂಗಿದಳು.

“ಆಗದ ಏನು!” ಎಂದ ಗದ್ದೆಪ್ಪ.

ಅಮರೇಶ ಅಲ್ಲೇ ನಿಂತು ಟೀಚರುಗಳಿಗೆಲ್ಲ ಫೋನು ಮಾಡಿದ. ನಾಳೆ ಎಂದಿನ ಹೊತ್ತಿಗೆ ಗಾಡಿ ಬರುತ್ತದೆ ಎಂದ. “ಇವತ್ತ ಮಟನ್ ತರ್ತೀನಿ ಯವ್ವಾ. ಯಪ್ಪಾ, ಇನ್ನೊಂದೀಟು ನಡೀಲಿ, ಆಮ್ಯಾಲ ಬಂದ್ ಮಾಡು” ಎಂದು ಹೇಳಿ ಯಾರದೋ ಬೈಕು ಹತ್ತಿ ಹೋದ.

ಉಮಾದೇವಿ ಹೊಸ್ತಿಲ ಮೇಲೆ ಕೊತ್ತಂಬರಿ ಸೋಸುತ್ತ ಕೂತಳು. ಇಂಜಿನ್ನು ಸಮನಾಗಿ ನಡೆಯುತ್ತಿತ್ತು. ಗದ್ದೆಪ್ಪ ಒಳಗೆ ಕೂತು ಹೆಡ್‌ಲೈಟು ಹಾಕಿ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡು ಬ್ಯಾಟರಿಯ ಮೇಲೆ ಬಗ್ಗಿದ.

“ಮತ್ತೇನು ಮಾಡಾಕತ್ತೀರಿ? ಆತಲ್ಲ?”

“ಡಿಪೋದಾಗ ಹಿಂಗ ಬಸ್ಸು ಹೊರಗ ಬಿಡ್ತಿದ್ದಿಲ್ಲ. ನಡಿಯೋ ಇಂಜಿನ್ನಿನ್ಯಾಗ ಬ್ಯಾಟರಿ ಟರ್ಮಿನಲ್ ಬಿಚ್ಚಬೇಕು. ಬಿಚ್ಚಿದ ಮ್ಯಾಲೂ ಲೈಟು ಉರೀತಂದ್ರ ಡೈನಮೋ ಪಾಸು. ನಮ್ಮ ಫೋರಮನ್ ತಾನಾ ನಿಂತು ನೋಡಿ ಪಾಸ್ ಮಾಡ್ತಿದ್ದ.” ಅವನು ತಲೆಯೆತ್ತಿ ಹೆಂಡತಿಯ ಕಡೆ ನಕ್ಕ. “ಲೈಟಿನ ಕಡೆ ನೋಡು.”

ಅವಳು ನೋಡಿದಳು. ದೀಪ ಇದ್ದಕ್ಕಿದ್ದಂತೆ ಕಣ್ಣಿಗೆ ಹೊಡೆಯುವಷ್ಟು ಬಿಳಿಯಾಯಿತು. ಒಂದು ಪಟ್ಟನೆ ಆರಿತು. ಇನ್ನೊಂದು ಮಂಕಾಗಿ, ಕೆಂಪಾಗಿ ಉಳಿಯಿತು. ಬೇವಿನಸೊಪ್ಪು ಸುಟ್ಟಂಥ ಕಟುವಾಸನೆ ಬಂತು.

ಗದ್ದೆಪ್ಪ ಟರ್ಮಿನಲ್ ತಿರುಗಿ ಕೂರಿಸಿದ. ಮೀಟರನ್ನು ಹೆಂಡತಿಯ ಕೈಗೆ ಕೊಟ್ಟ. “ಓದು.”

“ಹನ್ನೆರಡು. ಅಲ್ಲ, ಇಳ್ಯಾಕತ್ತದ.”

ಅವನು ಇಂಜಿನ್ನು ಬಂದ್ ಮಾಡಿದ. ಬಾನೆಟ್ಟನ್ನು ಎರಡೂ ಕೈಯಿಂದ ಹಿಡಿದು, ಸದ್ದಾಗದಂತೆ ಇಳಿಸಿದ. ಒಳಗೆ ಬಂದು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ.

“ಏನಾತ್ರಿ?”

“ಒಳಗ ಕಟೌಟ್ ಸುಟ್ಟಾದ. ನಾನಾ ಸುಟ್ಟೀನಿ.”

*

ಮಟನ್ ಸಾರು ಕುದಿಯುವವರೆಗೂ ಉಮಾದೇವಿ ಯಾರಿಗೂ ಹೇಳಲಿಲ್ಲ. ಹೇಳುವುದು ತನ್ನ ಕೆಲಸವಲ್ಲ ಎನಿಸಿತು. ಹೇಳದೆ ಇರುವುದೂ ಸರಿಯಲ್ಲ ಎನಿಸಿತು. ಅಮರೇಶ ಹಾಡು ಗುನುಗುತ್ತ ಸ್ನಾನ ಮಾಡಿ ಬಂದ. ಅಂಥ ಹಾಡು ಅವನ ಬಾಯಲ್ಲಿ ಬಂದು ಎಷ್ಟು ದಿನವಾಗಿತ್ತೋ. ತಟ್ಟೆ ಹಾಕಿದರು. ಮೌನೇಶ್ವರಿ ಮೊದಲು ಮಾವನಿಗೇ ಬಡಿಸಿದಳು. ಎಲುಬಿನ ತುಂಡನ್ನು ಹುಡುಕಿ ಹಾಕಿದಳು.

ಗದ್ದೆಪ್ಪ ರೊಟ್ಟಿ ಮುರಿದ, ತಿನ್ನಲಿಲ್ಲ.

“ಯಾಕ ಯಪ್ಪಾ, ಖಾರ ಆಗ್ಯಾದೇನು?”

“ಅಮರ್ಯಾ, ಗಾಡಿ ಕೆಡಿಸೀನಿ.”

“ಅಂದ್ರ?”

“ನಡಿಯೋ ಗಾಡೀದು ಟರ್ಮಿನಲ್ ಬಿಚ್ಚಿ ನೋಡಿದೆ. ಕಟೌಟ್ ಹೋತು. ಚಾರ್ಜ್ ಇಲ್ಲ.”

ಸೌಟು ಹಿಡಿದ ಮೌನೇಶ್ವರಿಯ ಕೈ ಹಾಗೇ ನಿಂತಿತು. ಅಮರೇಶ ಕಣ್ಣು ಮುಚ್ಚಿದ. ಭಾನುವಾರ ಅಂಗಡಿ ಇಲ್ಲ. ನಾಳೆ ಅಂಗಡಿ ತೆರೆಯುವ ಹೊತ್ತಿಗೆ ಟೀಚರುಗಳು ಶಾಲೆಯಲ್ಲಿರಬೇಕು. ಎಲ್ಲರ ತಲೆಯಲ್ಲಿ ಅದೇ ಲೆಕ್ಕ.

ಅವನು ಕಣ್ಣು ತೆರೆದ. “ಇರ್ಲಿ ಬಿಡು ಯಪ್ಪಾ,” ಎಂದ ಮೆಲ್ಲಗೆ. “ಉಣ್ಣು.”

ಗದ್ದೆಪ್ಪ ತಟ್ಟೆಯನ್ನು ಮುಂದಕ್ಕೆ ನೂಕಿದ. ಸಾರು ಚೆಲ್ಲಿತು. “ಬೈಯೋ ಲೇ! ಬಾಯಿ ಬಿದ್ದು ಹೋಗ್ಯಾದೇನು? ಗಾಡಿ ಸುಟ್ಟೀನಿ ಅಂತೀನಿ, ಉಣ್ಣು ಅಂತೀ! ನಾನೇನು ಹಸುಗೂಸೇನು?”

“ಬೈದ್ರ ಕಟೌಟ್ ಬರ್ತದೇನು?”

“ಬರಂಗಿಲ್ಲ. ಬೈ.”

“ನನಗ ಗೊತ್ತಿತ್ತು ಯಪ್ಪಾ!” ಅಮರೇಶನ ದನಿ ಒಡೆಯಿತು. “ಉಮೇಶ ಹೇಳಿದ್ದ. ಈಗಿನ ಡೈನಮೋಕ್ಕ ಹಂಗ ಟರ್ಮಿನಲ್ ಬಿಚ್ಚಬಾರದು, ಕಾಕಾಗ ನೆನಪಿಲೆ ಹೇಳು, ಹಳೇ ಡಿಪೋದವರೆಲ್ಲ ಹಂಗ ಮಾಡಿ ಸುಡ್ತಾರ ಅಂದಿದ್ದ. ಕಟೌಟ್ ತಂದು ಕೊಡುವಾಗ ಹೇಳಬೇಕಂತ ಬಂದಿದ್ದೆ.”

“ಮತ್ತ?”

“ಹೇಳಿದ್ರ ನೀ ಸುಮ್ಮನಿರ್ತಿದ್ದೇನು? ಯಾರವ ಉಮೇಶ, ನಿನ್ನಿ ಮೊನ್ನಿ ಬಂದಾಂವ ಅಂತಿದ್ದಿ. ವಾದ ಹತ್ತುತಿತ್ತು. ನಿನಗ ಕಣ್ಣಿನ್ಯಾಗ ಪ್ರೆಶರ್ ಏರಬಾರದಂತ ಡಾಕ್ಟರ್ ಹೇಳ್ಯಾರ. ದಿನಾ ಅಷ್ಟು ದೂರ ಗಾಡಿ ಹೊಡದು ಬಂದು ನನಗೂ ವಾದ ಮಾಡೋ ತಾಕತ್ತಿಲ್ಲ. ಯಾಕ ಬೇಕಂತ ಬಿಟ್ಟೆ.”

ಗದ್ದೆಪ್ಪ ಮಗನನ್ನೇ ನೋಡಿದ. ಒಂದು ಕಣ್ಣು ಕಾಣುತ್ತಿತ್ತು, ಇನ್ನೊಂದು ಸುಮ್ಮನೆ ಆ ಕಡೆಗಿತ್ತು. “ವಾದ ಮಾಡಬೇಕಿತ್ತು ಲೇ,” ಎಂದ. “ವಾದ ಮಾಡಿದ್ರ ಕಟೌಟ್ ಉಳೀತಿತ್ತು.”

ಉಮಾದೇವಿ ಚೆಲ್ಲಿದ ಸಾರನ್ನು ಬಟ್ಟೆಯಿಂದ ಒತ್ತಿ ತೆಗೆದಳು. ಇಬ್ಬರ ಮೇಲೂ ಸಿಟ್ಟು ಬಂತು. ಆದರೆ ಅದನ್ನು ಆಡಿ ತೋರಿಸಲು ಆಯಾಸ. “ಎದ್ದು ಹೋಗಬ್ಯಾಡ್ರಿ. ಮುಂಜಾನಿಂದ ಒಲಿ ಮುಂದ ನಿಂತೀನಿ ನಾನು. ಉಣ್ರಿ,” ಎಂದಳು. ಉಂಡರು.

ಕೈ ತೊಳೆದ ಮೇಲೆ ಅಮರೇಶ ಶಹಜಾದಿ ಬೇಗಂಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಆಕೆಯ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು.

“ಮೇಡಂ, ನಾಳಿ ಗಾಡಿ ಬರಂಗಿಲ್ರೀ. ಮತ್ತ ಕೆಟ್ಟಾದ.”

“ಅರೇ, ಈಗ ಮುಂಜಾನಿ ಬರ್ತದಂದ್ಯಲ್ಲಪ್ಪ?”

“ಚಾರ್ಜ್ ಆಗವಲ್ದ್ರೀ.”

“ಬ್ಯಾಟರಿ ತುಂಬಿಸಿ ಇಟ್ರ ಹೋಗಾಕಾರ ಸಾಕಾಗ್ತದೇನು?”

ಅಮರೇಶ ಉತ್ತರಿಸುವ ಮೊದಲೇ ಗದ್ದೆಪ್ಪ ಮಂಚದಿಂದ, “ಸಾಕಾಗ್ತದ್ರೀ ಮೇಡಂ! ಫ್ಯಾನು, ಲೈಟು ಹಾಕಬಾರದು ಅಷ್ಟ,” ಎಂದ.

“ಹಂಗಾರ ಹೋಗಾಕ ಬಾ. ಬರಾಕ ಆದ್ರ ಆತು, ಇಲ್ಲಂದ್ರ ಬಸ್ಸವ. ಸಾಬಣ್ಣನ ಗಾಡ್ಯಾಗ ಆ ಹಾಡು ಕೇಳಿ ನನಗ ತಲಿ ಹಿಡೀತದ. ಆದ್ರ ಅಮರೇಶ, ಉಳದವರ ಬಗ್ಗೆ ನಾ ಮಾತು ಕೊಡಂಗಿಲ್ಲ. ಹೇಳಿ ನೋಡ್ತೀನಿ.”

ಉಮೇಶ ಭಾನುವಾರವಾದರೂ ಬೈಯದೆ ಮನೆಯಿಂದ ಚಾರ್ಜರ್ ಕೊಟ್ಟು ಕಳಿಸಿದ. ದೇವದುರ್ಗದಲ್ಲಿ ಒಂದು ಅಂಗಡಿಯಲ್ಲಿ ಆ ಕಟೌಟ್ ಸಿಗಬಹುದು ಎಂದೂ ಹೇಳಿದ.

*

ಸೋಮವಾರ ಬೆಳಿಗ್ಗೆ ಗದ್ದೆಪ್ಪ ಎಲ್ಲರಿಗಿಂತ ಮೊದಲು ಎದ್ದು ಅಂಗಿ ತೊಟ್ಟು ಪಾನಾದ ಚೀಲ ಹಿಡಿದು ನಿಂತಿದ್ದ.

“ನೀ ಎಲ್ಲಿಗೆ ಯಪ್ಪಾ?”

“ಕಟೌಟ್ ಹಾಕೋರ್ಯಾರು?”

“ನಾ ಹಾಕ್ತೀನಿ.”

“ಬೆಸುಗಿ ಬಿಚ್ಚಬೇಕು. ನಿನಗ ಬರಂಗಿಲ್ಲ.”

“ನಿನ್ನ ಕೈ ನಡಗ್ತದ,” ಎಂದುಬಿಟ್ಟ ಅಮರೇಶ. ಆ ಮಾತು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

“ನಡಗ್ತದ. ಮಧ್ಯಾಹ್ನ ಊಟದ ಬಿಡುವಿನ್ಯಾಗ ಮೌನೇಶ್ವರಿ ಹಿಡಕೋತಾಳ.”

ಮೌನೇಶ್ವರಿ ಜಡೆ ಹೆಣೆಯುತ್ತಿದ್ದವಳು ತಲೆಯೆತ್ತದೆ, “ಹಿಡಕೋತೀನಿ. ಆದ್ರ ನಮ್ಮ ಹುಡುಗರ ಮುಂದ ‘ಲೇ’ ಅನಬಾರದು ಮತ್ತ,” ಎಂದಳು.

ಉಮಾದೇವಿ ಒಬ್ಬರಿಗೆ ಹೆಚ್ಚಿಗೆ ಆಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಗಾಡಿ ಓಣಿ ದಾಟಿತು. ಟೀಚರುಗಳು ನಿಲ್ಲುವ ಸರ್ಕಲ್ಲಿನಲ್ಲಿ ಇಬ್ಬರು ಕಡಿಮೆ ಇದ್ದರೆಂದು ಆಮೇಲೆ ತಿಳಿಯಿತು. ಅವರು ಆಗಲೇ ಸಾಬಣ್ಣನ ಗಾಡಿ ಹತ್ತಿದ್ದರು. ಶಹಜಾದಿ ಬೇಗಂ ಮತ್ತು ಉಳಿದವರು ಇವರಿಗಾಗಿ ಕಾದಿದ್ದರು.

ಉಮಾದೇವಿ ದಿನವಿಡೀ ಪಡಸಾಲೆಯ ನೆಲ ತಿಕ್ಕಿದಳು. ಎಣ್ಣೆಯ ಕಲೆ ಹೋಗಲಿಲ್ಲ. ಮಧ್ಯಾಹ್ನ ಒಂದು ಗಳಿಗೆ ಮಲಗಿದರೆ ನಿದ್ದೆ ಹತ್ತಲಿಲ್ಲ. ಫೋನನ್ನು ಎದೆಯ ಮೇಲಿಟ್ಟುಕೊಂಡು ಫ್ಯಾನು ನೋಡುತ್ತ ಬಿದ್ದುಕೊಂಡಳು. ಶಾಲೆ ಬಿಡುವ ಹೊತ್ತು ಕಳೆಯಿತು. ಕರೆ ಬಂದದ್ದು ಹೊರಗೆ ಬಿಸಿಲು ಇಳಿಯುವಾಗ. ಮೌನೇಶ್ವರಿ.

ಮೊದಲು ಕೇಳಿದ್ದು ಅವಳ ದನಿಯಲ್ಲ. ಇಂಜಿನ್ನಿನ ಸದ್ದು, ಅದರ ಮೇಲೆ ಎರಡು ಗಂಡುದನಿಗಳು.

“ಬೆಲ್ಟ್ ಬಿಗಿ ಆತೋ ಲೇ, ಬೇರಿಂಗ್ ತಿಂತದ! ಕಿರ್ರ್ ಅನ್ನೋದು ಕೇಳವಲ್ದೇನು?”

“ಅದು ಬೆಲ್ಟ್ ಅಲ್ಲ ಯಪ್ಪಾ, ರೋಡು! ರೋಡಿಗೆ ಕಿವಿ ಕೊಟ್ಟು ಬೆಲ್ಟ್ ಅಂತೀಯಲ್ಲ!”

“ನಿಲ್ಲಿಸು. ತೋರಸ್ತೀನಿ.”

“ಪಾನಾ ಕೆಳಗಿಡು ಮೊದಲ! ಇನ್ನೊಂದು ಸಲ ಟರ್ಮಿನಲ್ ಕಡೆ ಕೈ ಒಯ್ದ್ರ ಇಲ್ಲೇ ಇಳಿಸಿ ಹೋಗ್ತೀನಿ ನೋಡು!”

“ಇಳಿಸು. ನಡಕೊಂಡು ಬರ್ತೀನಿ. ನಿನಗಿಂತ ಮೊದಲ ಮುಟ್ತೀನಿ!”

“ಅತ್ತಿ, ಕೇಳಿಸ್ತದೇನ್ರಿ?” ಮೌನೇಶ್ವರಿ ಅವರ ಮೇಲೆ ಕೂಗಿದಳು. “ಕಟೌಟ್ ಹಾಕ್ಯಾರ್ರಿ. ಚಾರ್ಜ್ ಬಂದಾದ. ಗಬ್ಬೂರ ದಾಟೀವಿ. ಆಗಿಂದ ಇದಾ ನಡದಾದ. ಬೇಗಂ ಮೇಡಂ ಕಿವ್ಯಾಗ ಬೆರಳು ಇಟ್ಕೊಂಡಾರ. ನೀವಾರ ಒಂದು ಮಾತು ಹೇಳ್ರಿ ಇಬ್ಬರಿಗೂ, ಸುಮ್ಮನಿರ್ರಿ ಅಂತ.”

ಉಮಾದೇವಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಗೋಡೆಗೆ ಒರಗಿ ಕೂತಳು. ಮೊಣಕಾಲು ನೋಯುತ್ತಿದ್ದವು. ಇನ್ನು ಎದ್ದು ರೊಟ್ಟಿಗೆ ಎಸರಿಡಬೇಕು. ಇಬ್ಬರು ಕಡಿಮೆಯಾದ ಟೀಚರುಗಳ ಮಾತು ಇವತ್ತಲ್ಲ ನಾಳೆ ಬಂದೇ ಬರುತ್ತದೆ.

“ಬ್ಯಾಡ ಯವ್ವಾ,” ಎಂದಳು. “ಮಾತಾಡ್ಲಿ ಬಿಡು. ನೀ ಫೋನ್ ಇಡಬ್ಯಾಡ.”